ಆರು ಗಂಟೆಯ ಬೀಗ

“ಲೈಬ್ರರಿ ಅಂತ ಹುಡುಗೀರನ್ನ ಒಂಬತ್ತರ ತನಕ ಹೊರಗೆ ಬಿಡೋಕಾಗುತ್ತಾ ಮೇಡಂ? ಆರಕ್ಕೆ ಬೀಗ ಅಂದ್ರೆ ಬೀಗ!” ಎಂದು ಕುಲಪತಿಗಳು ಹನ್ನೊಂದನೇ ಅರ್ಜಿಯನ್ನೂ ಪಕ್ಕಕ್ಕೆ ತಳ್ಳಿದರು.

ಹುಡುಗರ, ಹುಡುಗಿಯರ ಎರಡೂ ಹಾಸ್ಟೆಲ್ಲುಗಳ ವಾರ್ಡನ್ ಸರ್ವಮಂಗಳಾ ವಾದಿಸಲಿಲ್ಲ. “ಆಯ್ತು ಸಾರ್. ಲಿಂಗ ಸಮಾನತೆ ವರದಿ ನಾಳೆ ಕಳಿಸ್ಬೇಕಲ್ಲ, ಹುಡುಗರಿಗೂ ಹುಡುಗೀರಿಗೂ ಒಂದೇ ನಿಯಮ ಅಂತ ಒಂದು ಆದೇಶ ಕೊಟ್ಬಿಡಿ.”

“ಅಷ್ಟೇನಾ? ತನ್ನಿ ಇಲ್ಲಿ!” ಕುಲಪತಿಗಳು ಖುಷಿಯಿಂದ ಸಹಿ ಜಡಿದರು.

ಅಂದು ಸಂಜೆ ಆರಕ್ಕೆ ಹುಡುಗರ ಹಾಸ್ಟೆಲ್ಲಿಗೂ ಬೀಗ ಬಿತ್ತು. ಆರೂಕಾಲಿಗೆ ಒಳಗಿನಿಂದ ತಟ್ಟೆ ಬಡಿಯುವ ಸದ್ದು ಎದ್ದಿತು. ಆರೂವರೆಗೆ ಕುಲಪತಿಗಳದೇ ಫೋನು.

“ಏನ್ರೀ ಇದು, ಬೆಳೆದ ಮಕ್ಕಳನ್ನ ದನ ಕೂಡಿಹಾಕಿದ ಹಾಗೆ! ಪಾಪ, ಟೀ ಕುಡಿಯೋಕೂ ಹೋಗ್ಬಾರ್ದಾ? ಒಂಬತ್ತರ ತನಕ ಬಿಡ್ರೀ!”

“ಆಯ್ತು ಸಾರ್, ಆದೇಶದಲ್ಲಿರೋ ಹಾಗೆ ಇಬ್ಬರಿಗೂ” ಎಂದ ಸರ್ವಮಂಗಳಾ, ಬೀಗದ ಕೈ ಗೊಂಚಲು ಹಿಡಿದು ಹೋಗಿ ಮೊದಲು ಹುಡುಗಿಯರ ಗೇಟು ತೆಗೆದರು.