ಹಾಡುಗೊಂಬೆಗಳ ಮೇಳ

“ಬಂತು ಕಣೋ! ಮೇಲೆ ಬಂತು! ಬಾರೋ ಬೇಗ!”

ಅಕ್ಕ ಕೂಗಿದ ರಭಸಕ್ಕೆ, ಲಿಫ್ಟ್ ರಿಪೇರಿಗೆ ಹೊರಟಿದ್ದ ತಮ್ಮ ಅಂಗಿಯ ಮೇಲೆಲ್ಲ ಚಹಾ ಚೆಲ್ಲಿಕೊಂಡು ಓಡಿಬಂದ. ತನ್ನ ದನಿ ಎಷ್ಟು ದೊಡ್ಡದೆಂದು ಅಕ್ಕನಿಗೆ ಗೊತ್ತಾಗುವುದಿಲ್ಲ. ಐದು ವರ್ಷದ ಹಿಂದೆ ಹಾಳು ಜ್ವರವೊಂದು ಬಂದು ಹೋಗುವಾಗ ಅವಳ ಎರಡೂ ಕಿವಿಗಳನ್ನು ಕೊಂಡೊಯ್ದಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಹಗಲೆಲ್ಲ ಬಟ್ಟೆ ಹೊಲಿದು, ಬಿಡುವಾದಾಗ ಅದೇ ಕೋಣೆಯ ಟಿವಿಯಲ್ಲಿ ದ್ವೀಪದ ಆಟ ಆಡುತ್ತಿದ್ದಳು. ವರ್ಷದ ಹಿಂದೆ ಆ ಆಟ ತಂದುಕೊಟ್ಟವನೂ ತಮ್ಮನೇ.

ಆ ಆಟದಲ್ಲಿ ಅವಳಿಗೊಂದು ದ್ವೀಪ, ದ್ವೀಪದಲ್ಲೊಂದು ಮನೆ. ಮಳೆ ಬಿದ್ದ ಮೇಲೆ ನೆಲ ಅಗೆದರೆ ಒಂದು ಮಣ್ಣುಂಡೆ ಸಿಗುತ್ತದೆ. ಅದನ್ನು ನೆಟ್ಟು ನೀರು ಹಾಕಿದರೆ, ಬೆಳಗಾಗುವಷ್ಟರಲ್ಲಿ ಹಾಡುಗೊಂಬೆಯಾಗಿ ಎದ್ದು ನಿಲ್ಲುತ್ತದೆ. ಒಂದೊಂದಕ್ಕೂ ಒಂದೊಂದು ದನಿ, ಒಂದೊಂದು ಕುಣಿತ. ಇವತ್ತು ಎದ್ದದ್ದು ಅವಳಿಗೆ ಬೇಕಿದ್ದ ಕೊನೆಯದು, ಡೊಳ್ಳುಹೊಟ್ಟೆಯ ಹಸಿರು ಗೊಂಬೆ. ಅಕ್ಕ ಅದನ್ನು ತಂದು ಉಳಿದವುಗಳ ನಡುವೆ ನಿಲ್ಲಿಸಿದಳು.

“ಮೇಳ ಪೂರ್ತಿ ಆಯ್ತು ನೋಡು! ಇವತ್ತು ದ್ವೀಪದ ಬಾಗಿಲು ತೆಗೆದುಬಿಡ್ತೀನಿ. ಈ ಆಟ ಆಡೋರು ಇಂಟರ್ನೆಟ್‌ನಲ್ಲಿ ಎಲ್ಲೆಲ್ಲಿಂದ್ಲೋ ಬಂದು ಕೇಳ್ಲಿ. ಆದ್ರೆ ಮೊದ್ಲು ನೀನು ಹೇಳು, ಇದು ಹಾಡೋ, ಬರೀ ಗಲಾಟೆನೋ? ಕಿವುಡಿಗೆ ಯಾಕೆ ಬೇಕಿತ್ತು ಸಂಗೀತ ಅಂತ ನಾಲ್ಕು ಜನ ನಗಬಾರ್ದು.”

“ಸೂಪರ್ ಅಕ್ಕಾ!” ತಮ್ಮ ಹೆಬ್ಬೆರಳು ಎತ್ತಿದ.

“ಇನ್ನೂ ಶುರುನೇ ಮಾಡಿಲ್ಲ ಕಣೋ!”

ಕಿವಿ ಹೋದಾಗಿನಿಂದ ಮನೆಯವರದ್ದೆಲ್ಲ ಇದೇ ಪಾಡು. ಅಡುಗೆ ಸೀದರೂ ಸೂಪರ್, ತೋಳು ಗಿಡ್ಡವಾಗಿ ಅಂಗಿ ಹೊಲಿದರೂ ಸೂಪರ್. ಅಯ್ಯೋ ಪಾಪ ಎನ್ನುವುದನ್ನೇ ಹೊಗಳಿಕೆಯ ಸಕ್ಕರೆಯಲ್ಲಿ ಅದ್ದಿ ಕೊಡುತ್ತಿದ್ದರು. ಅದು ಅಕ್ಕನಿಗೆ ಸಾಕುಸಾಕಾಗಿ ಹೋಗಿತ್ತು.

“ಇವತ್ತೂ ಬೆಣ್ಣೆ ಹಚ್ಚಿದ್ರೆ ಇದೇ ಕತ್ತರೀಲಿ ನಿನ್ನ ಮೀಸೆ ತೆಗೀತೀನಿ” ಎಂದು ಹೆದರಿಸಿ, ಕೈಯಲ್ಲಿದ್ದ ಕಂಟ್ರೋಲರ್‌ನ ಗುಂಡಿ ಒತ್ತಿ ಗೊಂಬೆಗಳನ್ನು ಒಂದೊಂದಾಗಿ ತಟ್ಟತೊಡಗಿದಳು. ತಟ್ಟಿದ ಕ್ಷಣದಿಂದ ಗೊಂಬೆಯ ಹಾಡು ಶುರು, ಮುಂಚೆ ತಟ್ಟಿದರೆ ಮುಂಚೆ, ತಡವಾದರೆ ತಡ. ಕಿವಿ ಕೇಳದವಳು ಆ ಹೊತ್ತನ್ನು ಕಣ್ಣಿನಲ್ಲೇ ಹಿಡಿದಿದ್ದಳು. ಹೊಲಿಗೆ ಯಂತ್ರದಲ್ಲಿ ಸೂಜಿ ಮೇಲೆದ್ದಾಗ ಬಟ್ಟೆ ಸರಿಯಬೇಕು, ಇಳಿದಾಗ ನಿಲ್ಲಬೇಕು. ಹಾಗೆಯೇ ಒಂದು ಗೊಂಬೆ ಬಗ್ಗುವಾಗ ಇನ್ನೊಂದು ಏಳಬೇಕೆಂಬುದು ಅವಳ ಲೆಕ್ಕ. ಗೊಂಬೆಗಳೆಲ್ಲ ತಲೆಯಾಡಿಸಿ ಕುಣಿಯತೊಡಗಿದವು. ತಮ್ಮ ಪಿಳಿಪಿಳಿ ಕಣ್ಣು ಬಿಟ್ಟ.

“ಏನೂ ಕೇಳಿಸ್ತಾ ಇಲ್ಲ ಅಕ್ಕಾ.”

“ಏನೂ ಅಂದ್ರೆ?”

ತಮ್ಮ ರಿಮೋಟ್ ಒತ್ತಿ ನೋಡಿದ. ಟಿವಿಯ ಸದ್ದು ಸೊನ್ನೆಯಲ್ಲಿತ್ತು. ಅವನು ನಾಲಿಗೆ ಕಚ್ಚಿಕೊಂಡ. “ನಾನೇ ಅಕ್ಕಾ... ಆಟ ಜೋಡಿಸಿದ ದಿನ. ನಿಂಗಂತೂ ಕೇಳಲ್ಲ, ಸುಮ್ನೆ ಸದ್ದು ಯಾಕೆ ಅಂತ...”

“ಅಂದ್ರೆ, ವರ್ಷದಿಂದ ಇದನ್ನ ಯಾರೂ ಕೇಳೇ ಇಲ್ವಾ?”

“ಇಲ್ಲ.”

ಅವಳಿಗೆ ಕೋಪ ಬರಬೇಕಿತ್ತು, ಬಂದದ್ದು ನಗು. “ಸೀದ ಅನ್ನಾನೂ ಹೊಗಳೋ ಜನ ಇದನ್ನ ಮಾತ್ರ ಹೊಗಳ್ತಿಲ್ಲ ಅಂದ್ರೆ ಎಷ್ಟು ಕೆಟ್ಟದಾಗಿರಬೇಕು ಅಂತ ವರ್ಷವೆಲ್ಲಾ ಕೊರಗಿದೀನಲ್ಲೋ! ಏರಿಸು, ಇನ್ನೂ ಏರಿಸು!”

ತಮ್ಮ ಏರಿಸಿದ. ಮೇಜಿನ ಮೇಲಿನ ಡಬ್ಬಿಯಲ್ಲಿ ಗುಂಡುಸೂಜಿಗಳು ಸಣ್ಣಗೆ ನಡುಗಿದ್ದು ಅಕ್ಕನಿಗೆ ಕಂಡಿತು. ತಮ್ಮ ಟಿವಿಯ ಕಡೆ ಕಿವಿ ವಾಲಿಸಿ ನಿಂತ. ಅಕ್ಕ ಅವನ ತುಟಿಯನ್ನೇ ನೋಡಿದಳು.

“ಹೇಳೋ!”

“ಆ ಕೆಂಪು ಗೊಂಬೆ ಎಲ್ಲಾ ಕೆಡಿಸ್ತಿದೆ ಅಕ್ಕಾ. ಒಂಚೂರು ಮುಂಚೇನೇ ಕೂಗ್ಬಿಡುತ್ತೆ.”

ಅಕ್ಕನ ಎದೆ ಕುಣಿಯಿತು. ಐದು ವರ್ಷದಲ್ಲಿ ಅವಳ ಕೆಲಸದಲ್ಲಿ ಯಾರೂ ಒಂದು ತಪ್ಪು ಎತ್ತಿ ತೋರಿಸಿರಲಿಲ್ಲ. “ಎಷ್ಟು ಮುಂಚೆ? ಬೇರೆಯವು?” ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದಳು.

“ಇರು, ಇರು!” ತಮ್ಮ ಅವಳ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಟಿವಿಯ ಮುಂದೆ ಹೋಗಿ ಕುಕ್ಕರಿಸಿದ. ಕೆಂಪು ಗೊಂಬೆಯನ್ನು ನಿಲ್ಲಿಸಿದ, ಕಾದ, ಮತ್ತೆ ತಟ್ಟಿದ. ಊಹೂಂ. ಇನ್ನೊಮ್ಮೆ ತಟ್ಟಿದ. ತಲೆ ಕೆರೆದುಕೊಂಡ.

“ಹಸಿರು ಗೊಂಬೆ ಪೂರ್ತಿ ಬಗ್ಗಿದಾಗ ತಟ್ಟೋ ಪೆದ್ದ!” ಅಕ್ಕ ಕಿರುಚಿದಳು.

ಅವನು ಹಾಗೆಯೇ ತಟ್ಟಿದ. ಮರುಕ್ಷಣ ಅವನ ಎರಡು ಭುಜಗಳೂ ಗೊಂಬೆಗಳ ಜೊತೆಗೇ ಏರಿ ಇಳಿಯತೊಡಗಿದವು. ಒಂದು ಕೈ ಗಾಳಿಯಲ್ಲಿ ತಾಳ ಹಾಕುತ್ತಿತ್ತು. ದವಡೆ ಎಡೆಬಿಡದೆ ಅಲ್ಲಾಡುತ್ತಿತ್ತು. ಏನೇನೋ ಹೇಳುತ್ತಿದ್ದ, ಬಹಳ ಹೇಳುತ್ತಿದ್ದ, ಎಲ್ಲವನ್ನೂ ಟಿವಿಯ ಕಡೆಗೇ ಮುಖ ಮಾಡಿ. ಹಿಂದೆ ನಿಂತ ಅಕ್ಕನಿಗೆ ಅವನ ತುಟಿ ಕಾಣಲಿಲ್ಲ, ಒಂದಕ್ಷರವೂ ತಿಳಿಯಲಿಲ್ಲ. ಅವಳು ಬಾಗಿ, ಅವನ ಹೆಗಲ ಮೇಲಿಂದ ಕೈ ಚಾಚಿ, ಅವನ ಕೈಯಲ್ಲಿದ್ದ ಕಂಟ್ರೋಲರ್‌ನಲ್ಲಿ ದ್ವೀಪದ ಬಾಗಿಲು ತೆರೆಯುವ ಗುಂಡಿ ಒತ್ತಿದಳು.

ತಮ್ಮ ಆಗಲೂ ತಿರುಗಲಿಲ್ಲ. ಅಕ್ಕನಿಗೆ ಕಿವಿ ಕೇಳುವುದಿಲ್ಲ ಎಂಬುದನ್ನೇ ಅವನು ಮರೆತುಬಿಟ್ಟಿದ್ದ.