ತೆಂಗಿನ ಮರಕ್ಕೆ ಕಟ್ಟಿದ ಕಾರು

ಧಡ್ ಎಂದು ಸದ್ದಾಗಿದ್ದೇ ತಡ, ಒಳಗಿಂದ ಓಡಿಬಂದ ಪುಟ್ಟಗಂಗಮ್ಮ ಮೊದಲು ಸವರಿದ್ದು ತೆಂಗಿನ ಮರವನ್ನು. ಮರಕ್ಕೆ ಗುದ್ದಿ ನಿಂತ ಕಾರಿನೊಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ ಸೊಸೆಯ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ.

“ಅಯ್ಯೋ ನನ್ನಪ್ಪಾ, ಸಿಪ್ಪೆಯೆಲ್ಲ ಎದ್ದೋಯ್ತಲ್ಲೋ! ಕತ್ತಿನ ಮಟ್ಟ ಕಾಯಿ ಹೊತ್ತಿರೋ ಮರ ಕಣೇ ಇದು! ನಿನ್ ಕಣ್ಣು ಎಲ್ಲಿ ಮೇಯಕ್ಕೋಗಿದ್ವೇ?” ಎನ್ನುತ್ತ ಅರಿಸಿನ ತರಲು ಒಳಗೋಡಿದಳು. ಏನೋ ಹೇಳಹೊರಟ ಸರ್ವಮಂಗಳ ಅತ್ತೆಯ ಬಾಯಿಗೆ ಹೆದರಿ ಮಾತು ನುಂಗಿಕೊಂಡಳು.

ಅದು ನಿನ್ನೆಯ ಮಾತು. ಇವತ್ತು ಬೆಳಗ್ಗೆ ಮರ ಅರಿಸಿನ ಹಚ್ಚಿಸಿಕೊಂಡು, ಸೊಂಟಕ್ಕೆ ಹಳೇ ಸೀರೆಯ ತುಂಡು ಸುತ್ತಿಸಿಕೊಂಡು ಬಾಣಂತಿಯ ಹಾಗೆ ನಿಂತಿತ್ತು. ಪಾಪದ ಕಾರು ಮಾತ್ರ ಮೂತಿ ಅಪ್ಪಚ್ಚಿಯಾಗಿ, ಬಾನೆಟ್ಟು ಬಾಯಿಬಿಟ್ಟುಕೊಂಡು ಬಿದ್ದಿತ್ತು. ಅದರ ಮುಂದೆ ಪಂಚೆ ಎತ್ತಿಕಟ್ಟಿ ಕೂತಿದ್ದ ಸರ್ವಮಂಗಳಳ ಗಂಡ ರಾಜಣ್ಣನಿಗೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಧೈರ್ಯ ಬಂದುಬಿಟ್ಟಿತ್ತು. ರೇಡಿಯೇಟರಿಗೆ ಏನೂ ಆಗಿಲ್ಲ, ಬಂಪರಿನ ಹಿಂದೆ ಒಳಕ್ಕೆ ನುಗ್ಗಿರುವ ಕಬ್ಬಿಣದ ಪಟ್ಟಿಯನ್ನು ಹೊರಕ್ಕೆ ಎಳೆದರೆ ಮುಗಿಯಿತು ಎಂಬುದು ಅವನ ಲೆಕ್ಕಾಚಾರ.

“ಬೋರ್‌ವೆಲ್ ಮೋಟ್ರು ಎತ್ತೋ ಸರಪಣಿನ ಮರಕ್ಕೆ ಕಟ್ಟಿ, ಈ ಕಡೆ ಪಟ್ಟಿಗೆ ಸಿಗ್ಸಿದೀನಿ. ನೀನು ರಿವರ್ಸಲ್ಲಿ ನಿಧಾನಕ್ಕೆ ಎಳಿ. ಸೊಟ್ಟ ಮಾಡಿದ್ ಮರಾನೇ ನೆಟ್ಟಗೂ ಮಾಡ್ತದೆ.”

“ನಾನಾ? ದಮ್ಮಯ್ಯ ಅಂತೀನಿ ಕಣ್ರೀ, ನನ್ ಕೈಲಾಗಲ್ಲ. ಇನ್ನು ಅದನ್ನ ಮುಟ್ಟಲ್ಲ ಅಂತ ದೇವ್ರಿಗೆ ಹೇಳ್ಕೊಂಡಿದೀನಿ.”

“ದೇವ್ರ ಹತ್ರ ನಾನು ಮಾತಾಡ್ಕತೀನಿ ಬುಡು. ಹತ್ತು.”

ನಗುತ್ತಲೇ ಅಂದನಾದರೂ ಅವನ ಕಣ್ಣು ನಗುತ್ತಿರಲಿಲ್ಲ. ಹೋದ ಸಲ ಕಾಯಿ ಕೀಳಿಸುವಾಗ ಮೂರ್ಛೆ ಬಂದು ಬಿದ್ದ ಮೇಲೆ, ಡಾಕ್ಟರು ಅವನಿಗೆ ಇನ್ನು ಗಾಡಿ ಓಡಿಸಕೂಡದೆಂದು ಖಂಡಿತವಾಗಿ ಹೇಳಿದ್ದರು. ಅವತ್ತು ಹೊನ್ನವಳ್ಳಿಯಿಂದ ಆಟೋ ಬರುವ ತನಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸರ್ವಮಂಗಳ ತೋಟದಲ್ಲಿ ಕೂತಿದ್ದಳು. ಕಣ್ಣೆದುರಿಗೇ ಕಾರು ಸುಮ್ಮನೆ ನಿಂತಿತ್ತು. ಕಲಿತೇ ತೀರುತ್ತೇನೆಂದು ಹಟ ಹಿಡಿದವಳೂ ಅವಳೇ. ಈಗ ಕೈಬಿಟ್ಟರೆ, ಮತ್ತೊಮ್ಮೆ ಅಂಥ ದಿನ ಬಂದರೆ ಏನು ಗತಿ? ಅವಳು ಸೆರಗಿಗೆ ಅಂಗೈ ಒರೆಸಿಕೊಂಡಳು.

“ಗುದ್ದಿದ್ದು ಸಾಲ್ದು ಅಂತ ಈಗ ಸರಪಣಿ ಬೇರೆ ಬಿಗೀತೀರಾ?” ಎಂದು ಬೈಯುತ್ತಲೇ ಪುಟ್ಟಗಂಗಮ್ಮ ಸರಪಣಿಗೂ ಮರಕ್ಕೂ ನಡುವೆ ತೆಂಗಿನ ಮಟ್ಟೆ ತುರುಕಿದಳು. ಆಮೇಲೆ ಕಾರಿನ ಹಿಂದಕ್ಕೆ ಹೋಗಿ, ದಾರಿಯ ತಿರುವಿನಲ್ಲಿದ್ದ ತೆಂಗಿನ ಸಸಿಗೆ ಅಡ್ಡವಾಗಿ ಸೆರಗು ಸಿಕ್ಕಿಸಿ ಕಾವಲು ನಿಂತಳು. ಇದೇ ಮರದ ಕಾಯಿಯನ್ನು ಮೊಳಕೆಗಿಟ್ಟು ಅವಳು ನೆಟ್ಟ ಸಸಿ ಅದು. ಮಕ್ಕಳು ಅನ್ನ ಹಾಕದಿದ್ದರೂ ತೆಂಗು ಹಾಕುತ್ತದೆ ಎಂದು ಮಗನ ಮುಖಕ್ಕೇ ಹೇಳುವ ಹೆಂಗಸು. “ಇದಕ್ಕೇನಾರ ತಾಕಿಸ್ದೆ, ನೋಡ್ಕೋ ಮತ್ತೆ!” ಎಂದು ಅಲ್ಲಿಂದಲೇ ಕೂಗಿದಳು.

ಸರ್ವಮಂಗಳ ಹತ್ತಿ ಕೂತಳು. ಮೊದಲ ಸಲ ಇಂಜಿನ್ ಆಫ್ ಆಯಿತು. ರಾಜಣ್ಣ ಬೈಯಲಿಲ್ಲ. “ಕ್ಲಚ್ಚು ನಿಧಾನ ಕಣೇ. ಹಾಲು ಉಕ್ಕದಂಗೆ ನೋಡ್ಕತೀಯಲ್ಲ, ಅಷ್ಟೇ ನಿಗಾ ಸಾಕು” ಎಂದ. ಎರಡನೇ ಸಲಕ್ಕೆ ಸರಪಣಿ ಬಿಗಿಯಿತು, ಚಕ್ರ ಮಣ್ಣು ಕೆರೆಯಿತು, ಮೇಲೆ ಗರಿಗಳೆಲ್ಲ ಅಲ್ಲಾಡಿದವು. ಕನ್ನಡಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಕಡಕ್ ಎಂದು ಪಟ್ಟಿ ಹೊರಕ್ಕೆ ಬಂತು, ಕಾರು ಹಿಂದಕ್ಕೆ ಜಗ್ಗಿತು. ಅವಳು ಬ್ರೇಕು ಒತ್ತಿದಳು. ನಿಂತಿತು.

“ಬಂತು ಕಣೇ ಮಂಗಳಾ, ಬಂತು!” ರಾಜಣ್ಣ ಹುಡುಗನ ಹಾಗೆ ಕುಣಿದ.

ಪುಟ್ಟಗಂಗಮ್ಮ ಮಾತ್ರ ನೆಲ ನೋಡುತ್ತಿದ್ದಳು. ನಿನ್ನೆಯ ಚಕ್ರದ ಗುರುತು ಮಣ್ಣಿನಲ್ಲಿ ಇನ್ನೂ ಇತ್ತು. ಅದು ಗೇಟಿನಿಂದ ಸೀದಾ ಸಸಿಯ ಮೇಲೇ ಬಂದು, ಇನ್ನೊಂದು ಗೇಣು ಇದೆ ಎನ್ನುವಾಗ ಸರಕ್ಕನೆ ಮರದ ಕಡೆ ತಿರುಗಿತ್ತು.

“ಇದನ್ನ ಉಳ್ಸಕ್ಕೋಗಿ ಅದಕ್ಕೆ ಗುದ್ದಿದೇನೇ?”

ಸರ್ವಮಂಗಳ ಕೆಳಗಿಳಿದು ತಲೆ ತಗ್ಗಿಸಿದಳು. “ದಿನಾ ಕೊಡದಲ್ಲಿ ನೀರು ಹೊತ್ತು ಹಾಕ್ತೀರಲ್ಲ ಅತ್ತೆ... ಕೈ ತಾನಾಗೇ ತಿರುಗ್ತು.”

“ಥೂ ನಿನ್ನ, ಎಡವಟ್ಟೀ! ಸಸಿ ಹೋದ್ರೆ ಇನ್ನೊಂದು ಇಡ್ತಿದ್ದೆ. ನಿನ್ನ ಎಲ್ಲಿಂದ ತರ್ಲೇ ನಾನು?” ಎಂದ ಮುದುಕಿ ಮುಖ ತಿರುಗಿಸಿಕೊಂಡು ಸರಸರನೆ ಹಿತ್ತಲಿಗೆ ನಡೆದಳು.

ಗಂಡ ಹೆಂಡತಿ ಸೇರಿ ಪಟ್ಟಿಯನ್ನು ಸುತ್ತಿಗೆಯಲ್ಲಿ ಬಡಿದು ಸರಿಮಾಡಿದರು. ಬಂಪರನ್ನು ತಂತಿಯಲ್ಲಿ ಬಿಗಿದರು. ಬಾನೆಟ್ಟು ಒಲ್ಲೆ ಒಲ್ಲೆ ಎನ್ನುತ್ತಲೇ ಮುಚ್ಚಿಕೊಂಡಿತು. “ರಸ್ತೆ ಗಂಟ ಹೋಗಿ ಬರಾಣ” ಎಂದು ರಾಜಣ್ಣ ಪಕ್ಕದ ಸೀಟಿನಲ್ಲಿ ಕೂತ. ಹೋಗಿದ್ದೂ ಆಯಿತು, ತಿರುಗಿಸಿದ್ದೂ ಆಯಿತು. ಗೇಟು ಸಮೀಪಿಸಿದಂತೆ ಸರ್ವಮಂಗಳಳ ಅಂಗೈ ಮತ್ತೆ ಬೆವರತೊಡಗಿತು. ಮುಂದೆ ಅದೇ ತಿರುವು.

ತಿರುವಿನಲ್ಲಿ ಸಸಿ ಇರಲಿಲ್ಲ. ಆಗಷ್ಟೇ ಮುಚ್ಚಿ ತುಳಿದ ಹಸಿ ಮಣ್ಣಿತ್ತು. ಆಚೆ ಬಚ್ಚಲ ಹತ್ತಿರ ಪುಟ್ಟಗಂಗಮ್ಮ, ಬುಡದಲ್ಲಿ ಕಾಯಿ ಇನ್ನೂ ಕಚ್ಚಿಕೊಂಡಿದ್ದ ಸಸಿಯನ್ನು ಕೂಸಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡು, ಮಣ್ಣಾದ ಇನ್ನೊಂದು ಕೈಯನ್ನು ಬೀಸಿ ಕರೆಯುತ್ತಿದ್ದಳು.

“ಬಾರವ್ವ, ಬಾ! ಈಗ ಎಷ್ಟು ಬೇಕೋ ಅಷ್ಟು ತಿರುಗಿಸ್ಕೋ.”