ಇನ್ನೊಂದು ಸೌಟು

ದರ್ಜಿ ತನ್ನದೇ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುತ್ತಿದ್ದ. ಮದುವೆಯಾದ ಮೇಲೆ ಇದೊಂದು ಕೆಲಸ ಮುಗಿಯುವಂತಿರಲಿಲ್ಲ. ಪಕ್ಕದಲ್ಲಿ ಹೆಂಡತಿಯ ಬಟ್ಟೆಗಳ ಗಂಟು. ಅವನ್ನು ಮಾತ್ರ ಬಿಗಿ ಮಾಡಬೇಕಿತ್ತು.

"ನೀನು ಊದ್ಕೊಳ್ತಿದ್ದೀಯ, ನಿಮ್ಮನೆಯವರು ಸಣ್ಣ ಆಗ್ತಿದ್ದಾರೆ," ಎಂದ ಪಕ್ಕದಂಗಡಿಯ ಕ್ಷೌರಿಕ, ಬಾಗಿಲಿಗೆ ಒರಗಿ. "ಗಂಡನ್ನ ಯಾರೂ ನೋಡಬಾರದು, ತನ್ನನ್ನ ಎಲ್ಲರೂ ನೋಡಬೇಕು ಅನ್ನೋ ಸಂಚು ಇದು. ತಿಳೀತಾ ಮಹರಾಯ?"

"ಸುಮ್ನಿರೋ, ತಲೆ ಕೆಡಿಸಬೇಡ."

ತಲೆ ಆಗಲೇ ಕೆಟ್ಟಿತ್ತು. ಹೌದಲ್ಲ! ಅವಳು ಒಂದು ರಾತ್ರಿಯೂ ಅವನ ಜೊತೆ ಊಟಕ್ಕೆ ಕೂತವಳಲ್ಲ. ಕೇಳಿದರೆ, "ನಂದಾಯ್ತು ರೀ." ಇವನ ತಟ್ಟೆ ಬರಿದಾಗುವುದೇ ತಡ, ಇನ್ನೊಂದು ಸೌಟು. ಪಾತ್ರೆ ತಳ ಕಾಣುವವರೆಗೂ ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಮೊನ್ನೆ ಇನ್ನೂ ದೊಡ್ಡ ಪಾತ್ರೆ ತಂದಿದ್ದಳು.

ಇವನೋ, ಉಳಿಸುವ ಆಸಾಮಿಯೇ ಅಲ್ಲ. ಚಿಕ್ಕಂದಿನಲ್ಲಿ ತುತ್ತು ಬಿಟ್ಟರೆ ಅಪ್ಪನ ಬೆತ್ತ ಬೆನ್ನಿಗೆ ಬೀಳುತ್ತಿತ್ತು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು, ಹೆದರಿಕೆ ಮಾತ್ರ ಹೋಗಿರಲಿಲ್ಲ. ಹೊಟ್ಟೆ ಬಿರಿದರೂ ಸರಿ, ಆಮೇಲೆ ಕದ್ದು ವಾಂತಿ ಮಾಡಿದರೂ ಸರಿ, ತಟ್ಟೆ ತೊಳೆದಿಟ್ಟ ಹಾಗಿರಬೇಕು.

ಇವತ್ತು ಇತ್ಯರ್ಥ ಆಗಲೇಬೇಕು ಅಂದುಕೊಂಡ. ಅರ್ಧಕ್ಕೇ ಬಿಟ್ಟುಬಿಡುವುದು. ಸಂಚು ಕೆಟ್ಟರೆ ಅವಳ ಮುಖವೇ ಹೇಳುತ್ತದೆ, ಮನಸ್ಸಲ್ಲಿರುವುದು ತಾನೋ ಬೇರೆಯವನೋ ಅಂತ.

ಊಟಕ್ಕೆ ಕೂತು ಅರ್ಧ ತಿಂದು ಕೈ ಎತ್ತಿದ. "ಸಾಕು."

ಹೇಳಿದ್ದೇ ತಡ, ಬೆವರು ಕಿತ್ತುಕೊಂಡು ಬಂತು. ಮೀಸೆ ಹೊತ್ತ ಗಂಡಸು ಕಣ್ಣು ಮುಚ್ಚಿ, ಬೆನ್ನು ಮುದುಡಿ ಏಟಿಗೆ ಕಾದ.

ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಹೆಂಡತಿ ಸೌಟು ಹಿಡಿದು ನಿಂತಿದ್ದಾಳೆ. ಮುಖದಲ್ಲಿ ನಗು, ಕಣ್ಣಲ್ಲಿ ನೀರು.

"ನಿಜವಾಗ್ಲೂ ಸಾಕಾ? ಹೊಟ್ಟೆ ತುಂಬ್ತಾ?"

"ಯಾವತ್ತೋ ತುಂಬಿದೆ ಮಾರಾಯ್ತಿ! ದಿನಾ ಹೀಗೆ ತುರುಕ್ತೀಯಲ್ಲ, ನನ್ನ ಮೇಲೆ ಏನು ಸೇಡು?"

"ಅಯ್ಯೋ, ತಟ್ಟೆ ಖಾಲಿ ಆದ್ರೆ ಇನ್ನೂ ಹಸಿವು ಅಂತ ಅಲ್ವಾ?"

"ಅಲ್ಲ ಕಣೇ! ಖಾಲಿ ಮಾಡದಿದ್ರೆ ಹೊಡೀತಿದ್ರು ನಮ್ಮಪ್ಪ!"

ಅವಳು ಪಾತ್ರೆಯನ್ನೇ ಎಳೆದುಕೊಂಡು ಅವನ ಎದುರು ಕೂತಳು. ಗಬಗಬನೆ ಉಣ್ಣತೊಡಗಿದಳು. ದರ್ಜಿ ಬಾಯಿ ಬಿಟ್ಟುಕೊಂಡು ನೋಡಿದ.

"ಚಿಕ್ಕಂದಿನಲ್ಲಿ ಅಣ್ಣಂದಿರು ಸಾಕು ಅಂದಮೇಲೆ ಉಳಿದದ್ದೇ ನನ್ನ ಊಟ," ಎಂದಳು ಬಾಯ್ತುಂಬ ಅಗಿಯುತ್ತಾ, "ಮದುವೆ ಆದಮೇಲೆ ರಾತ್ರಿ ಊಟ ಅಂತ ನನಗೆ ಉಳಿದಿದ್ದು ಇವತ್ತೇ ರೀ!"